ನಮ್ಮ ಪೊಟ್ಟಣದ ಮೇಲಿನ ‘ಪರಿಸರಸ್ನೇಹಿ’ ಎಂಬ ಮಾತನ್ನು ತೆಗೆದಿದ್ದೇವೆ

ಮಾನ್ಯ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು.

ಈ ತಿಂಗಳಿನಿಂದ ನಮ್ಮ ಮಹಿಳಾ ಸಂಘದ ಹಪ್ಪಳ, ಸಂಡಿಗೆ, ಚಟ್ನಿಪುಡಿಯ ಪೊಟ್ಟಣ ನಿಮಗೆ ಗುರುತು ಸಿಗದಷ್ಟು ಬೇರೆಯಾಗಿ ಕಾಣುತ್ತದೆ. ಕಂದು ಕಾಗದ ಇಲ್ಲ, ಹಸಿರು ಎಲೆಯ ಚಿತ್ರ ಇಲ್ಲ. ‘ಪರಿಸರಸ್ನೇಹಿ ಪೊಟ್ಟಣ’, ‘ನೂರಕ್ಕೆ ನೂರು ನೈಸರ್ಗಿಕ’, ‘ಸಾವಯವ ಮೆಣಸಿನಕಾಯಿ’ ಎಂಬ ಮಾತುಗಳೂ ಇಲ್ಲ. ಆ ಮಾತುಗಳನ್ನು ನಂಬಿ ಕೊಂಡವರು ನೀವು. ಆದ್ದರಿಂದ ಕಾರಣ ಹೇಳಲೇಬೇಕು.

ಕಳೆದ ಶ್ರಾವಣದಲ್ಲಿ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಹಳೆಯ ಗ್ರಾಹಕರಾದ ಅಜ್ಜಿಯೊಬ್ಬರು ಖಾಲಿ ಪೊಟ್ಟಣಗಳ ಕಟ್ಟು ಹಿಡಿದು ಅಂಗಡಿಗೆ ಬಂದರು. “ರದ್ದಿಯವನು ಇದನ್ನು ಬೇಡ ಎನ್ನುತ್ತಾನಮ್ಮ. ಇದು ಕಾಗದ ತಾನೇ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ಒಂದು ಪೊಟ್ಟಣವನ್ನು ಬಕೆಟ್ ನೀರಿನಲ್ಲಿ ನೆನೆಹಾಕಿದೆವು. ಬೆಳಿಗ್ಗೆ ನೋಡಿದರೆ ಕಾಗದ ಮುದ್ದೆಯಾಗಿ ಕೈಗೆ ಬಂತು. ಅದರಡಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಒಂದು ತೂತೂ ಇಲ್ಲದೆ, ಹಾಗೆಯೇ ಇತ್ತು. ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದದವರೂ ಕೊಳ್ಳುವುದಿಲ್ಲ, ಪ್ಲಾಸ್ಟಿಕ್‌ನವರೂ ಕೊಳ್ಳುವುದಿಲ್ಲ.

ಒಳಪದರ ಮಣ್ಣಿನಲ್ಲಿ ಕರಗುತ್ತದೆ ಎಂದು ಹೇಳಿ ಪೊಟ್ಟಣ ಮಾರಿದ್ದ ವ್ಯಾಪಾರಿಯ ಹತ್ತಿರ ದಾಖಲೆ ಕೇಳಿದೆವು. ಬಂದದ್ದು ಬಣ್ಣದ ಕರಪತ್ರ ಮಾತ್ರ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎನ್ನಬೇಕಾದರೆ ಅದು ಐಎಸ್ 17088 ಎಂಬ ಭಾರತೀಯ ಮಾನದಂಡಕ್ಕೆ ಹೊಂದಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಅಂಥ ಪ್ಲಾಸ್ಟಿಕ್ಕನ್ನು ಪರೀಕ್ಷಿಸುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ. ಹೌಸಿಂಗ್ ಸೊಸೈಟಿಯ ಮೂಲೆಯ ಗೊಬ್ಬರದ ಗುಂಡಿಯಲ್ಲಿ ಅಷ್ಟು ಬಿಸಿ ನಿಲ್ಲುವುದಿಲ್ಲ. ಇದನ್ನು ಮೊದಲೇ ಕೇಳಿ ತಿಳಿಯದೆ ಅಚ್ಚು ಹಾಕಿಸಿದ್ದು ನಮ್ಮ ತಪ್ಪು.

ಒಂದು ತಪ್ಪು ಕಂಡ ಮೇಲೆ ಉಳಿದ ಮಾತುಗಳನ್ನೂ ಮುಂದಿಟ್ಟುಕೊಂಡು ಕುಳಿತೆವು. ಉದ್ದಿನ ಹಪ್ಪಳಕ್ಕೆ ಪಾಪಡ್ ಖಾರ, ಅಂದರೆ ಸೋಡದಂಥ ಕ್ಷಾರದ ಉಪ್ಪು, ಹಾಕುತ್ತೇವೆ. ಅದಿಲ್ಲದೆ ಹಪ್ಪಳ ಚೆನ್ನಾಗಿ ಅರಳುವುದಿಲ್ಲ. ಅದನ್ನು ಹಾಕಿ ‘ನೂರಕ್ಕೆ ನೂರು ನೈಸರ್ಗಿಕ’ ಎನ್ನುವುದು ಸರಿಯಲ್ಲ. ಬ್ಯಾಡಗಿ ಮೆಣಸಿನಕಾಯಿ ಒಳ್ಳೆಯದೇ, ನಾವೇ ಆರಿಸಿ ತರುತ್ತೇವೆ. ಆದರೆ ಅದು ಸಾವಯವ ಎನ್ನಲು ಬೆಳೆದವರ ಬಾಯಿಮಾತು ಬಿಟ್ಟರೆ ಸಾವಯವ ಬೆಳೆಗೆ ಸರ್ಕಾರದ ವ್ಯವಸ್ಥೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾದ ಪ್ರಮಾಣಪತ್ರ ನಮ್ಮಲ್ಲಿಲ್ಲ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಇಂಥ ಹಸಿರು ಮಾತುಗಳ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿದೆ. ಪರಿಸರಸ್ನೇಹಿ, ನೈಸರ್ಗಿಕ, ಸಾವಯವ ಎಂದು ಬರೆಯುವವರು ಪುರಾವೆ ಇಟ್ಟುಕೊಂಡಿರಬೇಕು. ಆ ಮಾತು ಇಡೀ ವಸ್ತುವಿಗೆ ಸಲ್ಲುತ್ತದೆಯೋ, ಬರೀ ಹೊದಿಕೆಗೋ ಎಂಬುದನ್ನೂ ತಿಳಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 10 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಇದೆಲ್ಲ ದೊಡ್ಡ ಕಂಪನಿಗಳ ಮಾತು, ಹದಿನಾಲ್ಕು ಹೆಂಗಸರ ಸಂಘವನ್ನು ಯಾರು ಕೇಳುತ್ತಾರೆ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಅದಕ್ಕೆ ನಾವು ಒಪ್ಪಲಿಲ್ಲ. ಸಾಬೂನಿನ ಡಬ್ಬಿಯ ಮೇಲೆ, ನೀರಿನ ಬಾಟಲಿಯ ಮೇಲೆ ಎಲೆ ಬರೆದು ಹೆಚ್ಚು ಬೆಲೆ ಕೇಳುವವರನ್ನು ಕಾನೂನು ಹಿಡಿದು ಕೇಳಲಿ ಎಂದು ಬಯಸುವವರು ನಾವು. ಅದೇ ಎಲೆ ನಮ್ಮ ಹಪ್ಪಳದ ಮೇಲಿದ್ದರೆ ನಮ್ಮನ್ನೂ ಕೇಳಬೇಕು.

ಹೊಸ ಪೊಟ್ಟಣ ಪಾರದರ್ಶಕ ಪ್ಲಾಸ್ಟಿಕ್, ಒಂದೇ ಬಗೆಯದು. ಇದು ಪ್ಲಾಸ್ಟಿಕ್ ಎಂದೇ ಮೇಲೆ ಬರೆದಿದ್ದೇವೆ. ಮುಂಬೈ ಕಡೆಯ ಮಳೆಗಾಲದಲ್ಲಿ ಬರೀ ಕಾಗದದಲ್ಲಿಟ್ಟ ಹಪ್ಪಳ ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಎಷ್ಟು ಯೋಚಿಸಿದರೂ ಸದ್ಯಕ್ಕೆ ನಮಗೆ ಬೇರೆ ದಾರಿ ಕಾಣಲಿಲ್ಲ. ಖಾಲಿ ಪೊಟ್ಟಣ ಒರೆಸಿ ಅಂಗಡಿಗೆ ತಂದುಕೊಟ್ಟರೆ ಒಟ್ಟುಗೂಡಿಸಿ ಗುಜರಿಯವರಿಗೆ ಕೊಡುತ್ತೇವೆ, ಅವರು ಒಪ್ಪಿದ್ದಾರೆ. ಮನೆಯಿಂದ ಸ್ಟೀಲ್ ಡಬ್ಬಿ ತಂದರೆ ಇನ್ನೂ ಒಳ್ಳೆಯದು, ಕಾಲು ಕಿಲೋಗೆ 4 ರೂಪಾಯಿ ಕಡಿಮೆ. ಹಪ್ಪಳದ ಹದ, ಅಳತೆ ಯಾವುದೂ ಬದಲಾಗಿಲ್ಲ. ‘ಸಾವಯವ’ ಎಂದು ಚಟ್ನಿಪುಡಿಗೆ ಹೆಚ್ಚಿಗೆ ಇಟ್ಟಿದ್ದ 15 ರೂಪಾಯಿಯನ್ನು ಇಳಿಸಿದ್ದೇವೆ.

ಹಳೆಯ ಪೊಟ್ಟಣ ನಿಮ್ಮ ಮನೆಯಲ್ಲಿದ್ದು, ಆ ಮಾತುಗಳಿಗಾಗಿಯೇ ಕೊಂಡಿದ್ದರೆ, ಒಡೆದದ್ದಾದರೂ ಸರಿ, ತನ್ನಿ. ಹಣ ಹಿಂದಿರುಗಿಸುತ್ತೇವೆ. ರಶೀದಿ ಕೇಳುವುದಿಲ್ಲ. ಮಂಗಳವಾರ ಬಿಟ್ಟು ಎಲ್ಲ ದಿನ ಸಂಜೆ ಏಳರವರೆಗೆ ಅಂಗಡಿ ತೆರೆದಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸಂಘದ ಅಧ್ಯಕ್ಷೆ ಮತ್ತು ಸದಸ್ಯೆಯರು
ಡೊಂಬಿವಲಿ