ಕಲ್ಲು ಉಳಿಯಿತು, ನಿಂತ ಜಾಗ ಹೋಯಿತು

ಮಾನ್ಯ ಸಂಪಾದಕರೇ,

ಅರ್ಜೆಂಟೀನಾದ ತುಕುಮಾನ್ ಪ್ರಾಂತ್ಯದ ತಾಫಿ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿರುವ ಎಲ್ ಮೊಯಾರ್ ಎಂಬ ಊರಿನ ನಿಲುಗಲ್ಲುಗಳ ಬಯಲು ವಸ್ತುಸಂಗ್ರಹಾಲಯವನ್ನು ಈಚೆಗೆ ನೋಡಿ ಬಂದೆ. ಇಂಕಾ ಅರಸರ ಆಳ್ವಿಕೆ ಆ ಸೀಮೆಗೆ ಬರುವುದಕ್ಕೆ ಶತಮಾನಗಳ ಮೊದಲೇ ಅಲ್ಲಿ ನೆಲೆಸಿದ್ದ ಬೇಸಾಯಗಾರರು ನೆಟ್ಟ ಕಲ್ಲುಗಳಿವು. ಒಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆ. ನೆತ್ತಿಯ ಮೇಲೆ ಸೂರ್ಯನಿದ್ದಾಗ ಬರಿಯ ಬಂಡೆಯಂತಿದ್ದ ಅದರಲ್ಲಿ, ಬಿಸಿಲು ಓರೆಯಾದ ಮೇಲೆ ಗೆರೆಗಳಲ್ಲಿ ನೆರಳು ಕೂತು, ಹುಬ್ಬು, ಮೂಗು, ದುಂಡು ಕಣ್ಣುಗಳು ಒಂದೊಂದಾಗಿ ತೋರಿದವು.

ಆದರೆ ಆ ಕಣ್ಣುಗಳು ಮೊದಲು ಯಾವ ಕಡೆಗೆ ನೋಡುತ್ತಿದ್ದವು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಹುವಾನ್ ಬೌತಿಸ್ತಾ ಅಂಬ್ರೊಸೆಟ್ಟಿ ಎಂಬ ವಿದ್ವಾಂಸರು 1897ರಲ್ಲಿ ಈ ಕಲ್ಲುಗಳ ಕುರಿತು ಬರೆದಾಗ ಅವು ಕಣಿವೆಯಲ್ಲಿ ಅಲ್ಲಲ್ಲಿ ಚದುರಿ ನಿಂತಿದ್ದವು. ದುಂಡನೆಯ ಮನೆಗಳ ನಡುವಿನ ಅಂಗಳದಲ್ಲಿ, ಸತ್ತವರನ್ನು ಹೂಳುತ್ತಿದ್ದ ಜಾಗದ ಆಸುಪಾಸಿನಲ್ಲಿ ಅಂಥ ಕಲ್ಲು ಕಂಡುಬಂದಿರುವುದರಿಂದ, ಅವುಗಳ ಅರ್ಥದ ಅರ್ಧಪಾಲು ನಿಂತ ನೆಲದಲ್ಲೇ ಇತ್ತೆನ್ನಬೇಕು. 1977ರಲ್ಲಿ, ಸೇನಾಡಳಿತದ ಕಾಲದಲ್ಲಿ, ನೂರಕ್ಕೂ ಹೆಚ್ಚು ಕಲ್ಲುಗಳನ್ನು ಕಿತ್ತು, ಲಾ ಅಂಗೊಸ್ತೂರಾ ಜಲಾಶಯದ ಬಳಿಯ ಗುಡ್ಡವೊಂದರ ಮೇಲೆ ಪ್ರವಾಸಿಗರಿಗೆ ಕಾಣುವಂತೆ ನೆಟ್ಟರು. ಗಾಳಿಮಳೆಗೂ ಕಂಡಕಂಡವರ ಗೀಚಾಟಕ್ಕೂ ಸಿಕ್ಕಿ ಅವು ಹಾಳಾದ ಮೇಲೆ, ಈ ಶತಮಾನದ ಆರಂಭದಲ್ಲಿ ಮತ್ತೆ ಕಿತ್ತು ಈಗಿನ ಆವರಣಕ್ಕೆ ತಂದರು. ಎರಡನೆಯ ಸಾಗಣೆ ಅನಿವಾರ್ಯವಾಗಿತ್ತೆಂದು ಒಪ್ಪುತ್ತೇನೆ. ಮೊದಲನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದನ್ನು ನಮ್ಮ ಓದುಗರ ಮುಂದಿಡಲು ಕಾರಣವಿದೆ. ನಮ್ಮ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಎಂಬ ಊರಿಗೆ ಹೆಸರು ಬಂದದ್ದೇ ನಿಂತ ಕಲ್ಲುಗಳಿಂದ. ಅಲ್ಲಿನ ಕೆಲವು ಕಲ್ಲುಗಳ ಜೋಡಣೆಗೂ ಅಯನ ಸಂಕ್ರಾಂತಿಯ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೂ ಹೊಂದಿಕೆಯಿರುವುದನ್ನು ಸಂಶೋಧಕರು ಗುರುತಿಸಲು ಸಾಧ್ಯವಾದದ್ದು, ಅವು ಇನ್ನೂ ಹಳೆಯ ಜಾಗದಲ್ಲೇ ಇರುವುದರಿಂದ. ವೀರಗಲ್ಲುಗಳ ಪಾಡು ಹಾಗಿಲ್ಲ. ರಸ್ತೆ ಅಗಲಿಸುವಾಗ ಎತ್ತಿ ಗುಡಿಯ ಗೋಡೆಗೆ ಒರಗಿಸಿದ ಕಲ್ಲುಗಳನ್ನು ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಕಾಣಬಹುದು. ತೀರಾ ತೆಗೆಯಲೇಬೇಕಾದರೆ, ಜೆಸಿಬಿ ಬರುವ ಮುನ್ನ ಕಲ್ಲು ನಿಂತ ಜಾಗ, ಅದರ ಮುಖದ ದಿಕ್ಕು, ನೆಲದೊಳಗೆ ಹೂತಿರುವ ಆಳ ಇಷ್ಟನ್ನಾದರೂ ಅಳೆದು, ಫೋಟೊ ಸಹಿತ ಗ್ರಾಮ ಪಂಚಾಯಿತಿಯ ಕಡತದಲ್ಲಿ ದಾಖಲಿಸುವುದನ್ನು ಕಡ್ಡಾಯ ಮಾಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

ಇಂತಿ,
ಒಬ್ಬ ಓದುಗ, ಹೊಸನಗರ