ಜೇಬಿನ ಚಾಕು ಕೊಳ್ಳುವವರು ಮೊದಲು ಅಲಗಿನ ದಪ್ಪ ನೋಡಲಿ

ಸಂಪಾದಕರಿಗೆ,

ಮಾನ್ಯರೇ,

ದಿನಬಳಕೆಗೆ ಕೊಳ್ಳಬಹುದಾದ, ಕೈಗೆಟಕುವ ಬೆಲೆಯ ಮಡಚುವ ಚಾಕುಗಳ ಬಗ್ಗೆ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಬರಹವನ್ನು ಎರಡು ಸಲ ಓದಿದೆ. ಹದಿನೆಂಟು ವರ್ಷದಿಂದ ಗೋದಾಮೊಂದರ ಪಾರ್ಸೆಲ್ ವಿಭಾಗದಲ್ಲಿ ದುಡಿಯುತ್ತಿರುವ ಹೆಂಗಸು ನಾನು. ಬೆಳಿಗ್ಗೆ ಮೊದಲ ಕಟ್ಟಿನ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವುದರಿಂದ ಹಿಡಿದು ಸಂಜೆ ಕೊನೆಯ ಪೆಟ್ಟಿಗೆಯ ಟೇಪು ಸೀಳುವವರೆಗೆ ಚಾಕು ನನ್ನ ಕೈಯಲ್ಲಿರುತ್ತದೆ, ಇಲ್ಲವೇ ಜೇಬಿನಲ್ಲಿರುತ್ತದೆ. ಆ ಬರಹದಲ್ಲಿ ಹಿಡಿಯ ಬಣ್ಣ, ಸ್ಟೀಲಿನ ಹೆಸರು, ಒಂದೇ ಕೈಯಲ್ಲಿ ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂಬುದೆಲ್ಲ ಇತ್ತು. ಅಲಗು ಎಷ್ಟು ದಪ್ಪ ಎಂಬ ಮಾತು ಮಾತ್ರ ಹುಡುಕಿದರೂ ಸಿಗಲಿಲ್ಲ. ಹೊಸದಾಗಿ ಕೊಳ್ಳುವವರು ಎಡವುವುದು ಅಲ್ಲೇ. ಅದಕ್ಕೇ ಈ ಪತ್ರ.

ನಾನೂ ಅಲ್ಲೇ ಎಡವಿದವಳು. ಕೆಲಸಕ್ಕೆ ಸೇರಿದ ಮೂರನೇ ವರ್ಷ, ವಿಭಾಗದಲ್ಲಿ ಕೊಡುತ್ತಿದ್ದ ಬ್ಲೇಡಿನ ಕಟರ್ ಪದೇಪದೇ ಮುರಿಯುತ್ತದೆಂದು ಬೇಸತ್ತು ಸ್ವಂತಕ್ಕೊಂದು ಚಾಕು ಕೊಂಡೆ. ಕಪ್ಪು ಹಿಡಿ, ಕಪ್ಪು ಅಲಗು, ಅರ್ಧಕ್ಕೆ ಗರಗಸದ ಹಲ್ಲು. ಕೈಗೆ ತೂಕ ಕೊಡುತ್ತಿತ್ತು. ತೂಕವಿದ್ದರೆ ಗಟ್ಟಿ ಎಂದು ನಂಬಿದ್ದೆ. ಒಂದು ಮಧ್ಯಾಹ್ನ ಮೂರು ಪದರದ ರಟ್ಟಿನ ದೊಡ್ಡ ಪೆಟ್ಟಿಗೆಯ ಮೂಲೆ ಸೀಳಲು ಹೋದೆ. ಅಲಗಿನ ಮೊನೆ ಒಳಗೆ ಇಳಿಯಿತು, ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಬಲ ಹಾಕಿ ಒತ್ತಿದೆ. ಕದಲಲಿಲ್ಲ. ಹೊರಗೆಳೆಯೋಣವೆಂದು ಕೈ ತಿರುಚಿ ಮೇಲಕ್ಕೆತ್ತಿದೆ. ಟಕ್ಕೆಂದು ಸದ್ದಾಗಿ ಅಲಗು ಹಿಡಿಯೊಳಕ್ಕೆ ಮಡಚಿಕೊಂಡಿತು. ನಡುವೆ ಇದ್ದದ್ದು ನನ್ನ ಬಲಗೈ ತೋರುಬೆರಳು. ನಾಲ್ಕು ಹೊಲಿಗೆ ಬಿತ್ತು. ಎರಡು ವಾರ ಎಡಗೈಯಲ್ಲಿ ರಸೀದಿ ಬರೆದೆ.

ಗಾಯ ಮಾಗಿದ ಮೇಲೆ ನಮ್ಮ ವಿಭಾಗದ ಹಿರಿಯರೊಬ್ಬರು ಆ ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಈ ಬಗೆಯ ಚಾಕುಗಳಲ್ಲಿ ಹಿಡಿಯ ಒಳಗೊಂದು ತೆಳು ತಗಡು ಇರುತ್ತದೆ. ಅಲಗು ಪೂರ್ತಿ ತೆರೆದಾಗ ಅದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆಸರೆಯಾಗಿ ನಿಲ್ಲುತ್ತದೆ. ಲೈನರ್ ಲಾಕ್ ಎನ್ನುವುದು ಇದಕ್ಕೇ. ನನ್ನದರಲ್ಲಿ ಆ ತಗಡು ಬುಡದ ತುದಿಯಂಚಿಗೆ ಕೂದಲೆಳೆಯಷ್ಟು ತಾಗಿಕೊಂಡಿತ್ತು, ಅಷ್ಟೇ. ತಿರುಚಿದ ಕೂಡಲೇ ಅದು ಜಾರಿತ್ತು. "ಲಾಕ್ ಕೆಟ್ಟದ್ದೇ, ಅದು ಸರಿ. ಆದರೆ ನೋಡಮ್ಮಾ, ನೀನು ಅಷ್ಟು ಬಲ ಹಾಕಬೇಕಾಗಿ ಬಂದದ್ದು ಯಾಕೆ?" ಎಂದು ಕೇಳಿ, ತಮ್ಮ ಜೇಬಿನ ಮರದ ಹಿಡಿಯ ಚಾಕು ತೆಗೆದು ಅದೇ ರಟ್ಟನ್ನು ಸೀಳಿದರು. ಸದ್ದೇ ಇಲ್ಲದೆ, ಬಟ್ಟೆ ಹರಿದಂತೆ ಸೀಳಿತು. ನನ್ನ ಚಾಕುವಿನ ಅಲಗು ಬೆನ್ನಿನಲ್ಲಿ 4 ಮಿಲಿಮೀಟರ್ ದಪ್ಪ, ಅವರದ್ದು 2 ಮಿಲಿಮೀಟರಿಗೂ ಕಡಿಮೆ. ನಾನು ಇಷ್ಟು ದಿನ ರಟ್ಟಿನೊಳಗೆ ಬೆಣೆ ಹೊಡೆಯುತ್ತಿದ್ದೆ.

ಚಾಕು ಕತ್ತರಿಸುವ ಬಗೆಯನ್ನು ಒಂದು ಸಲ ಯೋಚಿಸಿ. ಅಂಚು ಎಷ್ಟೇ ಹರಿತವಿರಲಿ, ಅದರ ಹಿಂದೆಯೇ ಬರುವ ಅಲಗು ರಟ್ಟನ್ನು ಎರಡು ಕಡೆಗೂ ತಳ್ಳಿ ದಾರಿ ಮಾಡಿಕೊಳ್ಳಬೇಕು. ಅಂಚಿನ ಹಿಂದೆಯೇ ಇರುವ ಭಾಗದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಸರಾಗವಾಗಿ ಜಾರುತ್ತದೆ. ಒಂದು ಮಿಲಿಮೀಟರ್ ಇದ್ದರೆ ಹೊಸ ಚಾಕುವೂ ಮೊಂಡಾದಂತೆ ತೋರುತ್ತದೆ, ಸಾಣೆ ಹಿಡಿಯುತ್ತಾ ಹೋದ ಹಾಗೆ ಇನ್ನಷ್ಟು ದಪ್ಪ ಭಾಗ ಅಂಚಿಗೆ ಬರುತ್ತದೆ. ಕಡಿಮೆ ಬೆಲೆಯ ಎಷ್ಟೋ ಚಾಕುಗಳು ದಪ್ಪವಾಗಿ ಉಳಿಯುವುದಕ್ಕೆ ಕಾರಣವಿದೆ. ತೆಳುವಾಗಿ ಉಜ್ಜಲು ಹೊತ್ತು ಹಿಡಿಯುತ್ತದೆ, ಉಜ್ಜುವಾಗ ಅಂಚು ಹೆಚ್ಚು ಕಾದರೆ ಸ್ಟೀಲಿನ ಹದವೇ ಕೆಡುತ್ತದೆ. ದಪ್ಪ ಬಿಟ್ಟರೆ ಆ ತಲೆನೋವಿಲ್ಲ, ಮೇಲಾಗಿ ನೋಡುವವರಿಗೆ "ಗಟ್ಟಿ" ಎನಿಸುತ್ತದೆ. ಕೊಳ್ಳುವಾಗ ಅಲಗನ್ನು ತೆರೆದು, ಮೊನೆಯನ್ನು ನಿಮ್ಮಿಂದ ಆಚೆಗೆ ಮಾಡಿ, ಅಂಚಿಗಿಂತ ತುಸು ಮೇಲೆ ಹೆಬ್ಬೆರಳು ತೋರುಬೆರಳಿನಿಂದ ಎರಡು ಪಕ್ಕವನ್ನೂ ಹಗುರವಾಗಿ ಹಿಡಿದು ನೋಡಿ. ಎರಡು ಬೆರಳೂ ಒಂದಕ್ಕೊಂದು ತಾಗಿದಷ್ಟು ತೆಳುವೆನಿಸಿದರೆ ಅದು ಕೆಲಸದ ಚಾಕು.

ಆ ಹಿರಿಯರ ಕೈಯಲ್ಲಿದ್ದದ್ದು ಓಪಿನೆಲ್, 8ನೇ ನಂಬರಿನದು. ಫ್ರಾನ್ಸಿನ ಸವೋಯ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಓಪಿನೆಲ್ ಮಾಡಲು ಶುರುಮಾಡಿದ ಚಾಕು. ಬೀಚ್ ಮರದ ದುಂಡು ಹಿಡಿ, 8.5 ಸೆಂಟಿಮೀಟರ್ ಅಲಗು, ತೂಕ 50 ಗ್ರಾಂ ಆಸುಪಾಸು. ಹಿಡಿಯ ಕೊರಳಿನಲ್ಲಿ ತಿರುಗುವ ಒಂದು ಸ್ಟೀಲ್ ಬಳೆ ಇದೆ. 1955ರಲ್ಲಿ ಬಂದದ್ದು. ಅಲಗು ತೆರೆದು ಬಳೆಯನ್ನು ತಿರುಗಿಸಿದರೆ ಸಂದಿ ಮುಚ್ಚಿಕೊಳ್ಳುತ್ತದೆ, ಅಲಗಿಗೆ ಹಿಂದಕ್ಕೆ ಬರಲು ದಾರಿಯೇ ಇರುವುದಿಲ್ಲ. 2000ದ ಬಳಿಕ ಮಡಚಿದಾಗಲೂ ಇದೇ ಬಳೆಯಿಂದ ಬಿಗಿ ಮಾಡಬಹುದಾಯಿತು, ಚೀಲದಲ್ಲಿ ತಾನಾಗಿ ತೆರೆದುಕೊಳ್ಳುವ ಭಯ ತಪ್ಪಿತು. ಇಷ್ಟು ಸರಳವಾದ ಲಾಕ್ ಇಷ್ಟು ಕಡಿಮೆ ಬೆಲೆಯ ಚಾಕುವಿನಲ್ಲಿ ಇರುವುದು ನನಗೆ ಇವತ್ತಿಗೂ ಸಂತೋಷದ ವಿಷಯ. ಕೊರತೆಗಳೂ ಇವೆ, ಮುಚ್ಚಿಡಲಾರೆ. ಹಿಡಿ ನೆನೆದರೆ ಮರ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ, ಉಗುರು ಕಿತ್ತುಬಂದರೂ ತೆರೆಯುವುದಿಲ್ಲ. ಆಗ ಬಳೆ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಂದು ಸಲ ಕುಟ್ಟಿದರೆ ಅಲಗಿನ ಮೊನೆ ತಾನೇ ಇಣುಕುತ್ತದೆ. ಕಾರ್ಬನ್ ಸ್ಟೀಲಿನದಾದರೆ ಒರೆಸದೆ ಬಿಟ್ಟ ರಾತ್ರಿಯೇ ತುಕ್ಕು. ಮಳೆ, ಬೆವರು ಇರುವ ಕೆಲಸದವರು ಸ್ಟೇನ್‌ಲೆಸ್ ಅಲಗಿನದನ್ನೇ ತೆಗೆದುಕೊಳ್ಳಲಿ.

ಇನ್ನೊಂದು, ಎಲ್ಲರಿಗೂ ಗೊತ್ತಿರುವ ಕೆಂಪು ಹಿಡಿಯ ಸ್ವಿಸ್ ಚಾಕು. ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ, ಚಾಕು ಮಾಡುವ ಕಾರ್ಯಾಗಾರದಿಂದ ಬಂದದ್ದು. ಸ್ವಿಸ್ ಸೈನಿಕರಿಗೆ ಅವರು ಚಾಕು ಒದಗಿಸಿದ್ದು 1891ರಲ್ಲಿ. ಈಗಿನ ವಿಕ್ಟೋರಿನಾಕ್ಸ್ ಅದೇ. ಮಡಚಿದಾಗ 58, 84, 91 ಮಿಲಿಮೀಟರ್ ಹೀಗೆ ಬೇರೆಬೇರೆ ಅಳತೆಯಲ್ಲಿ ಸಿಗುತ್ತದೆ. ನಾನು ಈಗ ಇಟ್ಟುಕೊಂಡಿರುವುದು 84ರದ್ದು. ಇದಕ್ಕೆ ಲಾಕ್ ಇಲ್ಲ. ಬೆನ್ನಿನ ಸ್ಪ್ರಿಂಗ್ ಅಲಗನ್ನು ಎಳೆದು ಹಿಡಿದಿರುತ್ತದೆ, ಹಿಂದಕ್ಕೆ ಒತ್ತಿದರೆ ಮಡಚಿಕೊಳ್ಳುತ್ತದೆ. ಬೆರಳು ಕೊಯ್ಯಿಸಿಕೊಂಡವಳು ಲಾಕ್ ಇಲ್ಲದ್ದನ್ನು ಯಾಕೆ ಇಟ್ಟುಕೊಂಡಳು ಎಂದು ಕೇಳಬಹುದು. ಲಾಕ್ ಇಲ್ಲವೆಂದು ಕೈಗೆ ಗೊತ್ತಿದ್ದರೆ ಕೈ ತಿರುಚುವುದಿಲ್ಲ, ಮೊನೆಯಿಂದ ಚುಚ್ಚಿ ಒತ್ತುವುದಿಲ್ಲ. ತೆಳು ಅಲಗಾದ್ದರಿಂದ ಹಾಗೆ ಮಾಡುವ ಪ್ರಮೇಯವೇ ಬರುವುದಿಲ್ಲ. ಸಡಿಲ ಲಾಕನ್ನು ನಂಬಿದ ಕೈಗೆ ಮಾತ್ರ ಈ ಎಚ್ಚರ ಇರುವುದಿಲ್ಲ. ಒಳ್ಳೆಯ ಲಾಕ್ ಬೇಡವೆಂದು ನಾನು ಹೇಳುತ್ತಿಲ್ಲ. ಹಗ್ಗ, ಕೊಂಬೆ, ಗಟ್ಟಿ ಮರದ ಕೆಲಸ ಇರುವವರಿಗೆ ಅದು ಬೇಕೇ ಬೇಕು. ಆದರೆ ಕೊಳ್ಳುವಾಗ ತೆರೆದು, ಒಳಗಿನ ತಗಡು ಅಲಗಿನ ಬುಡದ ಮೇಲೆ ಎಷ್ಟು ಬಂದು ಕೂತಿದೆ ಎಂದು ಕಣ್ಣಾರೆ ನೋಡಿ. ಬೆರಳುಗಳನ್ನೆಲ್ಲ ಅಲಗು ಮಡಚುವ ದಾರಿಯಿಂದ ಆಚೆಗಿಟ್ಟು, ಅಲಗಿನ ಬೆನ್ನನ್ನು ಮರದ ಮೇಲೆ ಮೆಲ್ಲಗೆ ಒತ್ತಿ ನೋಡಿ. ಅಷ್ಟಕ್ಕೇ ಜಾರಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅಲಗನ್ನು ಎಡಕ್ಕೆ ಬಲಕ್ಕೆ ಅಲುಗಿಸಿ ಕೀಲು ಎಷ್ಟು ಸಡಿಲವಿದೆ ಎಂದೂ ನೋಡಿ. ಸ್ಕ್ರೂ ಇದ್ದರೆ ಬಿಗಿ ಮಾಡಿಕೊಳ್ಳಬಹುದು, ಪಿನ್ ಬಡಿದು ಕೂರಿಸಿದ್ದರೆ ನಮ್ಮ ಕೈಯಲ್ಲಿ ಏನೂ ಆಗದು.

ಸ್ಟೀಲಿನ ವಿಚಾರ. ನಿಮ್ಮ ಬರಹದಲ್ಲಿ ಡಿ2 ಎಂಬ ಸ್ಟೀಲನ್ನು ಬಹಳ ಹೊಗಳಿದ್ದರು. ಅಂಚು ಹೆಚ್ಚು ದಿನ ನಿಲ್ಲುತ್ತದೆ, ನಿಜ. ಅದರಲ್ಲಿ ಕಾರ್ಬನ್ ಶೇ 1.5ರಷ್ಟು, ಕ್ರೋಮಿಯಂ ಶೇ 12ರಷ್ಟು. ಕ್ರೋಮಿಯಂನ ಒಂದು ಪಾಲು ಕಾರ್ಬನ್ನಿನ ಜೊತೆ ಸೇರಿ ಗಟ್ಟಿ ಹರಳುಗಳಾಗಿಬಿಡುವುದರಿಂದ ತುಕ್ಕು ತಡೆಯಲು ಉಳಿಯುವುದು ಕಡಿಮೆ. ಹಾಗಾಗಿ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಸಾಣೆಗೂ ಬೇಗ ಬಗ್ಗುವುದಿಲ್ಲ. ಕಡಿಮೆ ಬೆಲೆಯ ಚಾಕುಗಳಲ್ಲಿ ಹೆಚ್ಚಾಗಿ ಕಾಣುವ 8ಸಿಆರ್13ಎಂಒವಿ ಎಂಬ ಸ್ಟೀಲಿನಲ್ಲಿ ಕಾರ್ಬನ್ ಶೇ 0.8ರಷ್ಟು, ಕ್ರೋಮಿಯಂ ಶೇ 13ರಷ್ಟು. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಸ್ವಿಸ್ ಚಾಕುವಿನದು ಇದಕ್ಕಿಂತ ಮೆದು. ನನಗೆ ಅದೇ ಇಷ್ಟ. ಶನಿವಾರ ಸಂಜೆ ಸಾಣೆಕಲ್ಲಿಗೆ ನೀರು ಚಿಮುಕಿಸಿ, ಅಲಗನ್ನು 20 ಡಿಗ್ರಿ ಓರೆಯಲ್ಲಿ ಒಂದು ಪಕ್ಕ ಉಜ್ಜುತ್ತೇನೆ. ಅಂಚಿನ ಆಚೆ ಪಕ್ಕದಲ್ಲಿ ಬೆರಳಿಗೆ ತರಕಲಾಗಿ ತೊಡರುವ ಸಣ್ಣ ಏಣು ಎದ್ದರೆ ಆ ಪಕ್ಕ ಮುಗಿಯಿತು ಎಂದು ಲೆಕ್ಕ. ಆಮೇಲೆ ಇನ್ನೊಂದು ಪಕ್ಕ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆಳೆದು ಆ ಏಣನ್ನು ತೆಗೆಯುತ್ತೇನೆ. ಹತ್ತು ನಿಮಿಷದ ಕೆಲಸ. ಇದನ್ನು ಕಲಿಯದವರ ಕೈಯಲ್ಲಿ ಎಂಥ ದುಬಾರಿ ಸ್ಟೀಲೂ ಮೊಂಡು ತಗಡು.

ಹೆಣ್ಣುಮಕ್ಕಳ ಉಡುಪಿನಲ್ಲಿ ಜೇಬು ಇರುವುದೇ ಅಪರೂಪ, ಇದ್ದರೂ ಆಳವಿಲ್ಲ. ಭಾರದ ಚಾಕು ಮೂರನೇ ದಿನ ಚೀಲದ ತಳ ಸೇರುತ್ತದೆ, ಆರನೇ ದಿನ ಮೇಜಿನ ಖಾನೆ. ಅಗತ್ಯ ಬಿದ್ದಾಗ ಕೈಗೆ ಸಿಗದ ಚಾಕು ಎಷ್ಟು ಒಳ್ಳೆಯದಾದರೂ ಏನು ಉಪಯೋಗ? 58 ಮಿಲಿಮೀಟರಿನ ಪುಟ್ಟದನ್ನು ಬೀಗದ ಕೈಗೊಂಚಲಿಗೆ ಹಾಕಿಕೊಂಡರೂ ದಿನದ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ.

ಕಾನೂನಿನ ಬಗ್ಗೆಯೂ ಒಂದು ಸಾಲು ಇರಬೇಕಿತ್ತು. ದೇಶದಿಂದ ದೇಶಕ್ಕೆ ನಿಯಮ ಬೇರೆ. ಬ್ರಿಟನ್ನಿನಲ್ಲಿ 3 ಇಂಚಿಗಿಂತ ಚಿಕ್ಕ ಅಲಗಿನ, ಲಾಕ್ ಇಲ್ಲದ ಮಡಚುವ ಚಾಕುವನ್ನು ಕಾರಣ ಕೊಡದೆ ಇಟ್ಟುಕೊಳ್ಳಬಹುದು, ಲಾಕ್ ಇದ್ದರೆ ಸರಿಯಾದ ಕಾರಣ ತೋರಿಸಬೇಕು. ಪ್ರಯಾಣ ಹೊರಡುವವರು ಹೋಗುವ ಊರಿನ ನಿಯಮ ತಿಳಿದುಕೊಳ್ಳಲಿ. ವಿಮಾನದಲ್ಲಾದರೆ ಒಪ್ಪಿಸುವ ಪೆಟ್ಟಿಗೆಯೊಳಗೆ ಇಡಲಿ. ಕೈಚೀಲದಲ್ಲಿ ಮರೆತು ನನ್ನ ಮೊದಲ ಕೆಂಪು ಚಾಕುವನ್ನು ತಪಾಸಣೆಯ ಡಬ್ಬಿಗೆ ಹಾಕಿ ಬಂದ ಬೇಸರ ಇನ್ನೂ ಇದೆ.

ಕೊನೆಯದಾಗಿ, ನನಗೆ ನಿಜವಾಗಿ ಸಿಟ್ಟು ಬಂದ ಮಾತು. ಆ ಬರಹದ ಕಡೆಯ ಪ್ಯಾರಾದಲ್ಲಿ "ಮಹಿಳೆಯರ ಆತ್ಮರಕ್ಷಣೆಗೂ ಸೈ" ಎಂದಿತ್ತು. ದಯವಿಟ್ಟು ಹೀಗೆ ಬರೆಯಬೇಡಿ. ಹದಿನೆಂಟು ವರ್ಷ ದಿನವೂ ಚಾಕು ತೆರೆದು ಮುಚ್ಚಿರುವ ನನಗೇ, ಗಾಬರಿಯಲ್ಲಿ ಚೀಲದೊಳಗೆ ಕೈಹಾಕಿ, ಅಲಗಿನ ಮೇಲಿನ ಗೀರಿಗೆ ಉಗುರು ಸಿಗಿಸಿ, ಅಲಗು ಎಳೆದು ತೆರೆಯುವಷ್ಟು ಸಮಾಧಾನ ಇರುವುದಿಲ್ಲ. ಎದುರಿಗಿರುವವನಿಗೆ ನನಗಿಂತ ಬಲವಿದ್ದರೆ ಅದು ಅವನ ಕೈ ಸೇರಲು ಎಷ್ಟು ಹೊತ್ತು ಬೇಕು? ಅದನ್ನು ನಂಬಿಕೊಂಡು ಓಡಬೇಕಾದ ಗಳಿಗೆಯಲ್ಲಿ ಯಾವ ಹುಡುಗಿಯೂ ನಿಲ್ಲುವುದು ಬೇಡ. ಇನ್ನೊಂದು ತೊಂದರೆಯೂ ಇದೆ. ಚಾಕುವನ್ನು ಆಯುಧವೆಂದು ಬರೆದಷ್ಟೂ, ದಾರ ಕತ್ತರಿಸಲು, ಪೆನ್ಸಿಲ್ ಹೆರೆಯಲು ಅದನ್ನು ಇಟ್ಟುಕೊಂಡವರನ್ನು ಜನ ಅನುಮಾನದಿಂದ ನೋಡುತ್ತಾರೆ. ನನ್ನ ಚೀಲದಲ್ಲಿ ಚಾಕು ಕಂಡು "ಇದೇನು, ಯಾರ ಮೇಲೆ ದ್ವೇಷ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಕತ್ತರಿ ಕಂಡರೆ ಯಾರೂ ಹಾಗೆ ಕೇಳುವುದಿಲ್ಲ.

ಮುಂದಿನ ಸಲ ಇಂಥ ಹೋಲಿಕೆ ಪ್ರಕಟಿಸುವಾಗ ಪ್ರತಿ ಚಾಕುವಿನ ಅಲಗಿನ ದಪ್ಪವನ್ನು ಬೆನ್ನಿನಲ್ಲೂ ಅಂಚಿನ ಹಿಂದೆಯೂ ಅಳೆದು ಹಾಕಿ. ಪಕ್ಕದಿಂದ ತೆಗೆದ ಚಂದದ ಚಿತ್ರದ ಜೊತೆಗೆ, ತೆರೆದ ಚಾಕುವಿನ ಕೀಲನ್ನು ಹತ್ತಿರದಿಂದ ತೆಗೆದ ಚಿತ್ರವೂ ಇರಲಿ. ನನ್ನ ಬೆರಳು ಕೊಯ್ದ ಆ ಕಪ್ಪು ಚಾಕು ಇನ್ನೂ ನನ್ನ ಬಳಿ ಇದೆ, ವಿಭಾಗಕ್ಕೆ ಹೊಸಬರು ಬಂದಾಗಲೆಲ್ಲ ತೆರೆದು ಆ ತಗಡು ನಿಂತಿರುವ ಜಾಗ ತೋರಿಸುತ್ತೇನೆ. ಓದುಗರಿಗೆ ಉಪಯೋಗವಾಗುವುದಾದರೆ ಅದರ ಚಿತ್ರ ತೆಗೆದು ಕಳಿಸಲು ಸಿದ್ಧಳಿದ್ದೇನೆ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಪಾರ್ಸೆಲ್ ವಿಭಾಗದ ಉದ್ಯೋಗಿ