ಸಾಕ್ಷಿ ಹೇಳುವ ಮಗುವಿನ ಪಕ್ಕ ಕೂರುವ ಮುನ್ನ

ಸಾಗರ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮಕ್ಕಳ ರಕ್ಷಣಾ ಘಟಕದ ಪಟ್ಟಿಯಲ್ಲಿ ವಿಶೇಷ ಶಿಕ್ಷಕಿಯೆಂದು ನಿನ್ನ ಹೆಸರು ಸೇರಿದೆ, ಕಿವಿ ಕೇಳದ, ಮಾತು ಬಾರದ ಮಗುವೊಂದು ಸಾಕ್ಷಿ ಹೇಳುವಾಗ ಅದರ ಸನ್ನೆಯನ್ನು ಮಾತಿಗೆ ತಿರುಗಿಸಲು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ವಿಚಾರಿಸುವ ಪೋಕ್ಸೊ ನ್ಯಾಯಾಲಯದಿಂದ ಕರೆ ಬಂದಿದೆ ಎಂದು ನಿನ್ನಪ್ಪ ಹೇಳಿದ. ಪ್ರಕರಣ ಯಾವುದು, ಯಾವ ಊರಿನ ಮಗು ಎಂದು ನನಗೂ ಹೇಳಬೇಡ. ಶಿರಸ್ತೇದಾರನಾಗಿ ಕೋರ್ಟಿನೊಳಗೇ ತಲೆ ಹಣ್ಣಾದವನು, ಹಾಗಾಗಿ ಎರಡು ಮಾತು ಬರೆಯುತ್ತಿದ್ದೇನೆ.

ನನಗಿರುವ ಭಯವೆಲ್ಲ ನಿನ್ನ ಕನಿಕರದ್ದೇ. ಮಗು ತಡವರಿಸಿದಾಗ ಅದರ ಸನ್ನೆಗೆ ಒಂದು ಚೂರು ಸೇರಿಸಿ ಪೂರ್ತಿ ಮಾಡೋಣ ಅನ್ನಿಸುತ್ತದೆ. ಬೇಡ ಕೂಸೇ. ಅರ್ಧ ಹೇಳಿದರೆ ಅರ್ಧವನ್ನೇ ಒಪ್ಪಿಸು. 'ಗೊತ್ತಿಲ್ಲ' ಎಂದರೆ ಹಾಗೆಯೇ ಹೇಳು. ಸನ್ನೆಗೆ ಎರಡು ಅರ್ಥ ಹೊರಡುವಂತಿದ್ದರೆ ಎರಡನ್ನೂ ನ್ಯಾಯಾಧೀಶರಿಗೆ ತಿಳಿಸು. ಮಾತಾಡಲಾಗದ ಸಾಕ್ಷಿಯ ಹೇಳಿಕೆಯನ್ನು ವಿಡಿಯೊ ಮಾಡಬೇಕೆಂದು 2013ರ ತಿದ್ದುಪಡಿಯಿಂದ ಕಾನೂನೇ ಹೇಳುತ್ತದೆ. ನೀನು ಸೇರಿಸಿದ್ದು ಮುಂದೆ ಮೇಲ್ಮನವಿಯಲ್ಲಿ ಸಿಕ್ಕಿಬಿದ್ದರೆ, ಮಗು ಹೇಳಿದ ನಿಜವೂ ಅದರ ಜೊತೆ ಬಿದ್ದುಹೋಗುತ್ತದೆ.

ಮೊದಲೇ ಹೋಗಿ ಪರಿಚಯ ಮಾಡಿಕೊ. ಇಂಥ ಮಕ್ಕಳಲ್ಲಿ ಮನೆಯಲ್ಲೇ ಹುಟ್ಟಿದ ಸನ್ನೆಗಳು ಎಷ್ಟೋ ಇರುತ್ತವೆ ಎಂದು ನೀನೇ ಹೇಳಿದ್ದೆ. ಮಾಮನಿಗೆ ಯಾವ ಸನ್ನೆ, ನಿನ್ನೆಗೆ ಯಾವುದು, ನೋಡಿಕೊ. ಘಟನೆಯ ಸುದ್ದಿ ಮಾತ್ರ ಎತ್ತಬೇಡ. ಬೆಕ್ಕು, ತಿಂಡಿ, ಆಟ, ಅಷ್ಟೇ. ಎತ್ತಿದೆಯೋ, ಪಾಟೀಸವಾಲಿನಲ್ಲಿ 'ಹೇಳಿಕೊಟ್ಟ ಸಾಕ್ಷಿ' ಎಂಬ ಮಾತು ಬಂದೇ ಬರುತ್ತದೆ. ಮಗುವಿನ ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಥರದ ಪ್ರಶ್ನೆ ತಲೆಗೆ ಹೋಗುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು, ಸರ್ಕಾರಿ ಅಭಿಯೋಜಕರ ಮೂಲಕ ನ್ಯಾಯಾಧೀಶರಿಗೆ ಮುಟ್ಟಿಸು. ಇಂಗ್ಲೆಂಡಿನಲ್ಲಿ 1999ರ ಕಾಯ್ದೆಯಡಿ ಇದಕ್ಕೆಂದೇ ಮಧ್ಯವರ್ತಿಗಳಿದ್ದಾರೆ. ಪ್ರಶ್ನೆ ಹೇಗಿರಬೇಕೆಂದು ನ್ಯಾಯಾಧೀಶರು, ವಕೀಲರು, ಅವರು ಕೂಡಿ ಮುಂಚೆಯೇ ಗೊತ್ತುಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಆ ಪದ್ಧತಿ ಬೇರೂರಿಲ್ಲ. ನಿನ್ನ ಪುಟ ಆ ಕೆಲಸವನ್ನು ಸ್ವಲ್ಪವಾದರೂ ಮಾಡೀತು.

ನಮ್ಮ ವಕೀಲರಿಗೆ '…ಅಂದರೆ ಸರಿಯಾ?' ಎಂದು ಕೇಳುವುದು ರೂಢಿ. 'ನೀನು ಅವತ್ತು ಅಲ್ಲಿಗೆ ಹೋಗಿರಲಿಲ್ಲ ಅಂದರೆ ಸರಿಯಾ?' ಇದಕ್ಕೆ ಮಗು ತಲೆಯಾಡಿಸಿದರೆ ಹೋಗಿತ್ತೋ, ಇಲ್ಲವೋ? ದೊಡ್ಡವರೇ ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ. ಆದರೂ ಪ್ರಶ್ನೆಯನ್ನು ನೀನಾಗಿ ತಿದ್ದಬೇಡ. ಎದ್ದು ನಿಂತು, 'ಸ್ವಾಮಿ, ಇದು ಮಗುವಿಗೆ ಅರ್ಥವಾಗದು, ಬಿಡಿಸಿ ಕೇಳಬೇಕು' ಎನ್ನು. ಪೋಕ್ಸೊ 33ನೇ ಕಲಮಿನಂತೆ ವಕೀಲರ ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು. ಹಾಗಾಗಿ ನೀನು ಹೇಳುವುದೆಲ್ಲ ಪೀಠಕ್ಕೆ. ವಕೀಲರ ಜೊತೆ ವಾದಕ್ಕಿಳಿಯಬೇಡ. ಮಗು ದಣಿದರೆ ಬಿಡುವು ಕೇಳು, ಅದೂ ಅದೇ ಕಲಮಿನಲ್ಲಿದೆ. ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ಪರದೆ ಕಟ್ಟಿದ್ದರೆ, ಅದು ನಿನ್ನ ಕೈಗೂ ಬೆಳಕಿಗೂ ಅಡ್ಡ ಬರುತ್ತದೆಯೇ ಎಂದು ಮೊದಲೇ ಕೂತು ನೋಡು. ಇದು ಕೋರ್ಟಿನವರಿಗೆ ಹೊಳೆಯುವುದಿಲ್ಲ.

ಧೈರ್ಯ ಹೇಳುವುದು, ಮುಂದಿನ ತಾರೀಕು ತಿಳಿಸುವುದು ಮಕ್ಕಳ ಕಲ್ಯಾಣ ಸಮಿತಿ ಕೊಟ್ಟ ಬೆಂಬಲ ವ್ಯಕ್ತಿಯ ಕೆಲಸ. ನಿನ್ನ ಕೆಲಸದ ಜೊತೆ ಅದನ್ನೂ ಹೊತ್ತುಕೊಳ್ಳಬೇಡ.

ಸಂಭಾವನೆ ನಿಯಮದಲ್ಲೇ ಇದೆ, ಕೇಳಲು ಸಂಕೋಚ ಬೇಡ. ಹಾಜರಾತಿ ಪತ್ರ ಅಂದೇ ಬರೆಸಿಕೊ. ಹನ್ನೊಂದಕ್ಕೆ ಬಾ ಎಂದು ಮೂರಕ್ಕೆ ಕೂಗಿಸುವುದೂ ಉಂಟು, ಊಟ ಕಟ್ಟಿಕೊಂಡು ಹೋಗು.

ಇತಿ,
ನಿನ್ನ ದೊಡ್ಡಪ್ಪ